ಅರವತ್ತನಾಲ್ಕು ಕಿಲೋ ನಾನೂರು ಗ್ರಾಂ

ಅಂಗಡಿಯ ಮೇಲಿನ ಮನೆಯಿಂದ,
ಮಂಗಳವಾರ, ೧೧ನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಎಂಜಿನ್ ಕೋಣೆಯ ಏಣಿಯನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿಯಬೇಡ, ನಿನ್ನ ಕೈಕೆಳಗಿನವರಿಗೇನು ಕಾಲಿಲ್ಲವೇ ಎಂದು ಹೋದ ಸಲವೇ ಹೇಳಿದ್ದೆ. ನೀನು ಕೇಳಿರುವುದಿಲ್ಲ. ಹೇಳಿದ್ದನ್ನು ಕೇಳುವ ಗುಣ ನಮ್ಮಿಬ್ಬರಿಗೂ ಹುಟ್ಟಿನಿಂದಲೇ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಹಡಗಿನಲ್ಲಿ ಎಲ್ಲರೂ ನಿನ್ನನ್ನು ಚೀಫ್ ಎನ್ನುತ್ತಾರಂತೆ, ಐವತ್ತೆರಡು ತುಂಬಿತಂತೆ, ಇರಲಿ, ನನಗೆ ನೀನು ಪುಟ್ಟನೇ. ಈ ಕಾಗದವನ್ನು ಕಂಪನಿಯ ಆಫೀಸಿಗೆ ಕಳಿಸಿದರೆ, ಇಪ್ಪತ್ತೆರಡಕ್ಕೆ ನೀವು ಮುಟ್ಟುವ ಬಂದರಿನಲ್ಲಿ ನಿನ್ನ ಕೈಗೆ ಕೊಡುತ್ತಾರಂತೆ. ಇಷ್ಟು ಉದ್ದದ ವಿಷಯವನ್ನು ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೆ ಲೈನ್ ಹೋಗುತ್ತದೆ, ಉಳಿದರ್ಧದಲ್ಲಿ ನೀನು "ಹೂಂ, ಹೂಂ" ಎನ್ನುತ್ತ ಬೇರೇನೋ ಯೋಚಿಸುತ್ತಿರುತ್ತೀಯ. ಕಾಗದವಾದರೆ ಓದಲೇಬೇಕು.

ನಾನು ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗಬಹುದಿತ್ತು. ಆದರೆ ಕ್ಷೇಮವಾಗಿಲ್ಲ. ಫೋನಿನಲ್ಲಿ ಸ್ವಲ್ಪ ಸುಸ್ತು ಅಷ್ಟೇ ಎಂದಿದ್ದೆನಲ್ಲ, ಅದು ಸುಳ್ಳು. ಎರಡು ವಾರದ ಹಿಂದೆ ಆಸ್ಪತ್ರೆ ಸೇರಿ, ಐದು ದಿನ ಅಲ್ಲಿದ್ದು ಬಂದೆ. ಗಾಬರಿಯಾಗಬೇಡ, ಈಗ ಕುಳಿತು ಬರೆಯುವಷ್ಟು ಉಸಿರಿದೆ. ಎದೆಯಲ್ಲಿ ಒಂದು ಯಂತ್ರ ಕೂರಿಸಬೇಕು ಎನ್ನುತ್ತಾರೆ ಡಾಕ್ಟರು. ಕೂರಿಸಿಕೊಳ್ಳುತ್ತೇನೋ ಇಲ್ಲವೋ ಎಂದು ಈ ತಿಂಗಳ ಕೊನೆಯೊಳಗೆ ಸಹಿ ಮಾಡಿ ಹೇಳಬೇಕು. ವಿಷಯ ಇಷ್ಟೇ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಮುಗಿಸೋಣವೆಂದು ಎಂಟು ಗಂಟೆಗೆ ಕುಳಿತವಳು ಎರಡು ಸಲ ಎದ್ದು ಕಿಟಕಿ ಒರೆಸಿದೆ, ಒಂದು ಸಲ ಕೆಳಗಿಳಿದು ಅಂಗಡಿಯ ಬೀಗ ಎಳೆದು ನೋಡಿ ಬಂದೆ. ಮೆಟ್ಟಿಲು ಹದಿನಾಲ್ಕು. ಇಳಿಯುವುದು ಸುಲಭ. ಹತ್ತುವಾಗ ಎಂಟನೆಯದರಲ್ಲಿ ನಿಂತು ಗೋಡೆಯ ಬಣ್ಣ ಪರೀಕ್ಷಿಸುವವಳ ಹಾಗೆ ನಟಿಸಬೇಕು, ಏಕೆಂದರೆ ನಿಮ್ಮ ಭಾವ ಮೇಲಿನಿಂದ ಬಗ್ಗಿ ನೋಡುತ್ತಿರುತ್ತಾರೆ. ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿರಬೇಕೆಂದು ಅಪ್ಪಣೆಯಾಗಿದೆ. ನನ್ನಂಥವಳಿಗೆ ಕಾಯಿಲೆಗಿಂತ ಆ ಸ್ಟೂಲೇ ದೊಡ್ಡ ಶಿಕ್ಷೆ.

ಮೊದಲಿನಿಂದ ಹೇಳುತ್ತೇನೆ. ನಾಲ್ಕು ತಿಂಗಳ ಹಿಂದೆ ಕೆಮ್ಮು ಬಿಡುತ್ತಿಲ್ಲವೆಂದು ತೋರಿಸಲು ಹೋದಾಗ ಕಾಯಿಲೆಯ ಹೆಸರು ಹಾರ್ಟ್ ಫೇಲ್ಯೂರ್ ಎಂದರು. ನನಗೆ ನಗು ಬಂತು. ಹಾರ್ಟ್ ಫೇಲ್ ಆಯಿತು ಎಂದು ನಾವು ಹೇಳುವುದು ಸತ್ತವರ ಬಗ್ಗೆ ತಾನೆ? ಬ್ಯಾಗು ಹೆಗಲಿಗೆ ಹಾಕಿಕೊಂಡು ಕಲ್ಲುಗುಂಡಿನ ಹಾಗೆ ಕುಳಿತವಳ ಮುಂದೆ ಆ ಮಾತು ಹೇಳಿದರೆ, ಹಾಗಾದರೆ ಈಗ ನಿಮ್ಮ ಜೊತೆ ಮಾತಾಡುತ್ತಿರುವುದು ಯಾರು ಎಂದು ಕೇಳಿಯೇಬಿಟ್ಟೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಏನು ಹೇಳುವುದಿದ್ದರೂ ಕಿವಿಯ ಸಂದಿಯಿಂದ ಮೋಟು ಪೆನ್ಸಿಲ್ ತೆಗೆದು ಚಿತ್ರ ಬರೆದೇ ಹೇಳುತ್ತಾರೆ, ಆದ್ದರಿಂದ ನಾನು ಪೆನ್ಸಿಲ್ ಡಾಕ್ಟರ್ ಎಂದು ಹೆಸರಿಟ್ಟಿದ್ದೇನೆ. ಹೃದಯ ನಿಂತಿಲ್ಲ, ಬಳಲಿದೆ ಎಂದರು. ತುಂಬಿಕೊಂಡ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಕ್ಕೆ ತಳ್ಳಬೇಕಾದದ್ದು ನನ್ನಲ್ಲಿ ಕಾಲು ಭಾಗ ಮಾತ್ರ ತಳ್ಳುತ್ತಿದೆಯಂತೆ. ಹಿಂದೆ ಉಳಿದದ್ದರ ಒತ್ತಡಕ್ಕೆ ನೀರು ಶ್ವಾಸಕೋಶದಲ್ಲೂ ಕಾಲಿನಲ್ಲೂ ನಿಲ್ಲುತ್ತದಂತೆ. ನಾಲ್ಕು ಬಗೆಯ ಮಾತ್ರೆ ಶುರುವಾಯಿತು, ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತ ಬಂದರು. ಅದರ ಜೊತೆ ನೀರು ಇಳಿಸುವ ಮಾತ್ರೆ ಬೇರೆ. ಉಪ್ಪು ಕಡಿಮೆ, ಕುಡಿಯುವುದೆಲ್ಲ ಸೇರಿ ದಿನಕ್ಕೆ ಒಂದೂವರೆ ಲೀಟರ್, ಭಾರ ಎತ್ತಬಾರದು. ತೂಕದ ಕಾಟಾ ರಿಪೇರಿ ಮಾಡುವವಳಿಗೆ ಭಾರ ಎತ್ತಬಾರದು ಎಂದರೆ ಏನು ಮಾಡಲಿ ಹೇಳು. ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲುಗಳನ್ನು ನಲವತ್ತು ವರ್ಷ ಬೆಕ್ಕಿನ ಮರಿಗಳ ಹಾಗೆ ಎತ್ತಿ ಇಳಿಸಿದ ಕೈ ಇದು.

ಎಲ್ಲಕ್ಕಿಂತ ಮುಖ್ಯ ತೂಕ ಎಂದರು. ಬೆಳಿಗ್ಗೆ ಎದ್ದು, ಬಚ್ಚಲಿಗೆ ಹೋಗಿ ಬಂದು, ಬಾಯಿಗೆ ಏನೂ ಹಾಕುವ ಮೊದಲು ತೂಕ ನೋಡಿ ಪುಸ್ತಕದಲ್ಲಿ ಬರೆಯಬೇಕು. ಒಂದು ದಿನದಲ್ಲಿ ಒಂದು ಕಿಲೋ ಅಥವಾ ಒಂದು ವಾರದಲ್ಲಿ ಎರಡು ಕಿಲೋ ಏರಿದರೆ ಅದು ತಿಂದದ್ದಲ್ಲ, ನೀರು. ಆಗ ತಾನಾಗಿ ಇಳಿಯಲಿ ಎಂದು ಕಾಯದೆ ಆಸ್ಪತ್ರೆಯ ಸಿಸ್ಟರಿಗೆ ಫೋನ್ ಮಾಡಬೇಕು, ಅವರು ಮಾತ್ರೆ ಬದಲಿಸುತ್ತಾರೆ. ಇದನ್ನು ಕೇಳಿ ನಿಮ್ಮ ಭಾವ ನನ್ನ ಕಡೆ ತಿರುಗಿ ಹಲ್ಲುಬಿಟ್ಟರು, ಈ ಒಂದು ವಿಷಯದಲ್ಲಿ ಇವಳಿಗೆ ಪಾಠ ಬೇಡ ಎಂದು. ನನಗೂ ಒಳಗೊಳಗೇ ಜಂಬ. ಬ್ಯಾಟರಿ ಹಾಕುವ ಡಬ್ಬಿಗಳನ್ನು ನಾನು ನಂಬುವುದಿಲ್ಲವಾದ್ದರಿಂದ ಅಪ್ಪನ ಹಳೆಯ ಕಾಟಾವನ್ನು ಅಂಗಡಿಯಿಂದ ಮೇಲೆ ತರಿಸಿದೆ, ದಂಡದ ಮೇಲೆ ಗುಂಡು ಸರಿಸಿ ತೂಕ ನೋಡುವಂಥದ್ದು. ಅಪ್ಪ ಸೋಮವಾರ ಸೋಮವಾರ ಅದನ್ನು ಕಲ್ಲಿಟ್ಟು ಸರಿಮಾಡಿ, ನನ್ನನ್ನು ಅದರ ಮೇಲೆ ನಿಲ್ಲಿಸಿ, ತೂಕವನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುತ್ತಿದ್ದರಲ್ಲ. ಆಮೇಲೆ ವಾರವಿಡೀ ದೊಡ್ಡ ದೊಡ್ಡ ಕಾಟಾ ನೋಡಲು ಹೋದಲ್ಲೆಲ್ಲ, ಕಲ್ಲು ಹೊರುವ ಬದಲು ನನ್ನನ್ನೇ ನಾಲ್ಕು ಮೂಲೆಗೂ ನಿಲ್ಲಿಸಿ, ನಾಲ್ಕರಲ್ಲೂ ಗೋಡೆಯ ಮೇಲಿನ ತೂಕವೇ ಬರುತ್ತದೋ ಎಂದು ನೋಡುವುದು. ನಿನ್ನನ್ನು ಒಂದೇ ಒಂದು ಸಲ ಪ್ರಯತ್ನಿಸಿದ್ದು. ಒಂದು ಮೂಲೆಯಲ್ಲಿ ನಿಲ್ಲುವ ಮಗುವೇ ಆಗಿರಲಿಲ್ಲ ನೀನು. ಹೀಗೆ ನಾನು ಅಪ್ಪನ ನಡೆದಾಡುವ ತೂಕದ ಕಲ್ಲಾದೆ. ಅಪ್ಪ ಹೋದ ಮೇಲೂ ಸಣ್ಣಪುಟ್ಟ ಕೆಲಸಕ್ಕೆ ಅದೇ ಅಭ್ಯಾಸ. ಹದಿನೈದು ವರ್ಷದಿಂದ ನಾನು ಅರವತ್ತನಾಲ್ಕು ಕಿಲೋ ನಾನೂರು ಗ್ರಾಂ. ಮದುವೆ ಊಟ ಉಂಡು ಬಂದರೂ, ಜ್ವರ ಹಿಡಿದು ಮಲಗಿದರೂ ನೂರಿನ್ನೂರು ಗ್ರಾಂ ಆಚೆ ಈಚೆ, ಅಷ್ಟೇ.

ಈಗ ಬರೆಯುವುದನ್ನು ಓದಿ ನಗಬೇಡ. ಬೇಕಾದರೆ ನಕ್ಕುಬಿಡು, ನಾನೇ ನಗಲಾರದೆ ಕುಳಿತಿದ್ದೇನೆ. ಹೋದ ತಿಂಗಳ ಮೂರನೆಯ ವಾರ, ಸೋಮವಾರ ಎಂದಿನ ತೂಕ. ಮಂಗಳವಾರ ಅರವತ್ತನಾಲ್ಕು ಒಂಬೈನೂರು. ಬುಧವಾರ ಅರವತ್ತೈದೂವರೆ. ಗುರುವಾರ ಅರವತ್ತಾರು ದಾಟಿತು. ನಿನ್ನ ಅಕ್ಕ ಏನು ಮಾಡಬೇಕಿತ್ತು? ಫೋನ್. ಏನು ಮಾಡಿದಳು? ಕಾಟಾದ ಮುಂದೆ ಮಂಡಿಯೂರಿ ಅದಕ್ಕೆ ಬೈದಳು. ಅರ್ಧ ಹೊಟ್ಟೆ ಉಣ್ಣುವವಳು, ಉಪ್ಪಿಲ್ಲದ ಅನ್ನವನ್ನು ಔಷಧಿಯ ಹಾಗೆ ನುಂಗುವವಳು ದಪ್ಪಗಾಗುವುದು ಹೇಗೆ? (ಆ ವಾರ ಎರಡು ದಿನ ಅಂಗಡಿಯಲ್ಲಿ ಉಪ್ಪು ಹಾಕಿ ಹುರಿದ ಕಡಲೆಕಾಯಿ ತಿಂದಿದ್ದೆ, ದಿನಕ್ಕೆ ಒಂದು ಪೊಟ್ಟಣ. ಇದು ನಿಮ್ಮ ಭಾವನಿಗೆ ಗೊತ್ತಿಲ್ಲ, ನಿನ್ನ ಬಾಯಿಂದ ಹೊರಡುವುದೂ ಬೇಡ.) ಮೆಟ್ಟಿಲು ಹತ್ತಿಸುವಾಗ ಕಾಟಾ ಎಲ್ಲೋ ತಗುಲಿದೆ ಎಂದು ನಾನೇ ತೀರ್ಪು ಕೊಟ್ಟೆ. ಹಾಗಾಗುವುದೂ ಉಂಟು: ಸೊನ್ನೆಯಲ್ಲಿ ಸರಿಯಿರುತ್ತದೆ, ಒಂದೆರಡು ಕಿಲೋಗೆ ಸರಿಯಿರುತ್ತದೆ, ಭಾರ ಏರಿದಂತೆ ತಪ್ಪತೊಡಗುತ್ತದೆ. ಖಚಿತ ಮಾಡಿಕೊಳ್ಳಲು ಇಪ್ಪತ್ತರ ಕಲ್ಲು ಮೂರು ಇಟ್ಟು ನೋಡಬೇಕು. ಕಲ್ಲುಗಳು ಕೆಳಗಿದ್ದವು. ಎತ್ತಬಾರದು ಎಂದಿದ್ದರು, ಮತ್ತು ನಿಜ ಹೇಳಿಬಿಡುತ್ತೇನೆ, ಎತ್ತಲು ನನ್ನಿಂದ ಆಗುತ್ತಿರಲಿಲ್ಲ. ನಿಮ್ಮ ಭಾವನನ್ನು ಕೇಳಲು ಅಹಂಕಾರ ಬಿಡಲಿಲ್ಲ. ಕಲ್ಲು ಏಕೆ, ನಾನಿಲ್ಲವೇ ಎಂದುಕೊಂಡೆ. ಶುಕ್ರವಾರ ಹತ್ತಿ ನಿಂತೆ, ಇಳಿದು ಹಲಗೆಯಡಿಯ ಸನ್ನೆಕೋಲಿನ ತುದಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ, ಮತ್ತೆ ಹತ್ತಿದೆ, ಮತ್ತೆ ಇಳಿದೆ, ಹೀಗೆ ಅರವತ್ತನಾಲ್ಕು ನಾನೂರು ಬರುವವರೆಗೆ. ಕೆಟ್ಟ ಕಾಟಾ ತೋರಿಸಿದ್ದು ಪುಸ್ತಕದಲ್ಲಿ ಏಕಿರಬೇಕು ಎಂದು ಹಿಂದಿನ ಮೂರು ದಿನದ್ದನ್ನೂ ತಿದ್ದಿದೆ. ಶನಿವಾರ ಮತ್ತೆ ಏರಿತ್ತು, ಮತ್ತೆ ತಿರುಪು. ಭಾನುವಾರವೂ ಅದೇ. ಸೋಮವಾರ ಬೆಳಿಗ್ಗೆ ಸಿಸ್ಟರ್ ತಾವಾಗಿಯೇ ಫೋನ್ ಮಾಡಿ ವಾರದ ತೂಕ ಕೇಳಿದರು, ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಇಷ್ಟು ಚೆನ್ನಾಗಿ ಯಾರೂ ಇಟ್ಟುಕೊಳ್ಳುವುದಿಲ್ಲ ಎಂದು ಹೊಗಳಿದರು. ಮೂರು ದಿಂಬಿಗೆ ಒರಗದೆ ಮಲಗಲಾರದವಳು, ಚಪ್ಪಲಿಯ ಪಟ್ಟಿ ಕೊನೆಯ ತೂತಿಗೂ ಎಟುಕದವಳು, ಆ ಹೊಗಳಿಕೆಗೆ ಹಿಗ್ಗಿಹೋದೆ.

ಅದೇ ಮಧ್ಯಾಹ್ನ ಗುಜರಿ ಅಂಗಡಿಗೆ ಹೋದೆ, ಅವರ ರಾಶಿಯಲ್ಲಿ ಹಳೆಯ ಕಾಟಾದ ಒಂದು ಸನ್ನೆಕೋಲು ಬಿದ್ದಿತ್ತು, ಅದು ಬೇಕಿತ್ತು. ಗೇಟಿನಿಂದ ರಾಶಿಗೆ ಮೂವತ್ತು ಹೆಜ್ಜೆ ಇರಬಹುದು. ಅರ್ಧ ದಾರಿಯಲ್ಲಿ ಉಸಿರು ಒಳಗೆ ಹೋಗಲೊಲ್ಲದು. ಬಾಯಿ ತೆರೆದುಕೊಂಡಿದ್ದೇನೆ, ಗಾಳಿ ಸುತ್ತಲೂ ಇದೆ, ನನ್ನ ಪಾಲಿಗೆ ಇಲ್ಲ. ಗುಜರಿಯವರು ಓಡಿಬಂದು ತೋಳು ಹಿಡಿದರು. ಅಲ್ಲಿ ನೂರು ಕುರ್ಚಿಗಳಿವೆ, ಕೂರಲು ಬರುವಂಥದ್ದು ಒಂದೂ ಇಲ್ಲ, ಎಲ್ಲವೂ ಕಾಲು ಮುರಿದವು. ಕೊನೆಗೆ ಹತ್ತಿರದಲ್ಲಿದ್ದ ದೊಡ್ಡ ಕಾಟಾದ ಹಲಗೆಯ ಮೇಲೆಯೇ ನನ್ನನ್ನು ಕೂರಿಸಿ ಗಾಡಿ ತರಿಸಲು ಹೋದರು. ತಲೆಯ ಮೇಲೆ ಗಡಿಯಾರದಂಥ ಮುಖ, ಅದರಲ್ಲಿ ಮುಳ್ಳು. ಕತ್ತು ತಿರುಗಿಸಿ ನೋಡಿದೆ. ಪ್ರಾಣ ಹೋಗುತ್ತಿದ್ದರೂ ನೋಡುತ್ತಿದ್ದೆನೇನೋ, ಕಸುಬು ಅಂಥದ್ದು. ಅರವತ್ತೊಂಬತ್ತು. ನನ್ನ ಚೀಲ ನೆಲದ ಮೇಲಿತ್ತು, ಹಲಗೆಯ ಮೇಲೆ ನಾನಲ್ಲದೆ ಬೇರೇನೂ ಇರಲಿಲ್ಲ. ಈ ಕಾಟಾ ಕೆಟ್ಟಿದೆ ಎಂದು ಹೇಳಬೇಕೆಂದು ಮನಸ್ಸು ಮಾಡಿದೆ. ಆದರೆ ಕಾಯಿಲೆ ಗೊತ್ತಾಗುವುದಕ್ಕೆ ಒಂದು ವಾರದ ಮುಂಚೆ, ಇಪ್ಪತ್ತರ ಕಲ್ಲು ಹತ್ತು ಇಟ್ಟು, ಅದನ್ನು ಸರಿಮಾಡಿ ನಮ್ಮ ಅಂಗಡಿಯ ತಗಡು ಹೊಡೆದವಳ ಹೆಸರು, ನನ್ನದೇ ಹೆಸರು, ಕಣ್ಣೆದುರಿಗೇ ಇತ್ತು. ಪುಟ್ಟಾ, ಉಸಿರು ಕಟ್ಟಿದಾಗ ನನಗೆ ಅಷ್ಟು ಭಯವಾಗಿರಲಿಲ್ಲ. ಆ ಮುಳ್ಳು ನೋಡಿದಾಗ ಆಯಿತು.

ಆಸ್ಪತ್ರೆಯಲ್ಲಿ ಐದು ದಿನ ನರದ ಮೂಲಕ ಔಷಧಿ ಕೊಟ್ಟು ನಾಲ್ಕೂವರೆ ಕಿಲೋಗಿಂತ ಹೆಚ್ಚು ನೀರು ತೆಗೆದರು. ಎರಡನೆಯ ದಿನಕ್ಕೆ ನನ್ನ ಕಣಕಾಲಿನ ಮೂಳೆ ಮತ್ತೆ ಕಂಡಿತು, ಹಳೆಯ ನೆಂಟನನ್ನು ನೋಡಿದಷ್ಟು ಸಂತೋಷವಾಯಿತು. ಪೆನ್ಸಿಲ್ ಡಾಕ್ಟರು ನನ್ನ ಪುಸ್ತಕ ತರಿಸಿ ನೋಡಿ ನೋಡಿ ತಲೆ ಕೆರೆದುಕೊಂಡರು. ಏಳು ದಿನವೂ ಒಂದೇ ತೂಕ, ಎಂಟನೆಯ ದಿನ ಇಷ್ಟು ನೀರು ಎಲ್ಲಿಂದ ಬಂತು? ಕಾಟಾ ಕೆಟ್ಟಿತ್ತೇನೋ ಎಂದೆ. ಹೌದು, ಹಾಗೆಯೇ ಹೇಳಿದೆ, ಅವರ ಮುಖ ನೋಡಿಕೊಂಡು. ಆಮೇಲೆ ಅವರು ಹಾಳೆಯ ಮೇಲೆ ಮೂರು ದಾರಿ ಬರೆದರು. ಮೊದಲನೆಯದು ಈಗಿನ ಹಾಗೆ ಮಾತ್ರೆ, ಉಪ್ಪು, ತೂಕ. ಮೂರು ತಿಂಗಳು ಪೂರ್ತಿ ಮಾತ್ರೆ ತಿಂದ ಮೇಲೂ ಹೃದಯ ತಳ್ಳುವುದು ನೂರಕ್ಕೆ ಇಪ್ಪತ್ತೈದು ಇದ್ದದ್ದು ಇಪ್ಪತ್ತೆಂಟು ಆಗಿದೆ ಅಷ್ಟೇ, ಆದ್ದರಿಂದ ಅದರಿಂದ ಹೆಚ್ಚು ನಿರೀಕ್ಷೆ ಬೇಡ. ಎರಡನೆಯದು ಯಂತ್ರ. ನನ್ನ ಹೃದಯದ ಎಡಗಡೆಗೆ ಸಂದೇಶ ತಡವಾಗಿ ಮುಟ್ಟುತ್ತದಂತೆ, ಎರಡು ಬದಿಯೂ ಒಟ್ಟಿಗೆ ಒತ್ತುವುದಿಲ್ಲವಂತೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿಯನ್ನು ಎಡ ಭುಜದ ಕೆಳಗೆ ಚರ್ಮದಡಿಯಲ್ಲಿಟ್ಟು ಮೂರು ತಂತಿ ಇಳಿಸಿದರೆ ಅದು ಎರಡನ್ನೂ ಒಟ್ಟಿಗೆ ಒತ್ತಿಸುತ್ತದೆ. ಹೃದಯ ದಿಕ್ಕುಗೆಟ್ಟು ಓಡಿದರೆ ಒಂದು ಹೊಡೆತ ಕೊಟ್ಟು ದಾರಿಗೂ ತರುತ್ತದೆ. ಎಲ್ಲರಿಗೂ ಗುಣ ಕಾಣುವುದಿಲ್ಲ, ನಿಮಗೆ ಕಾಣುವ ಸಂಭವ ಹೆಚ್ಚು ಎಂದರು. ಮೂರನೆಯದು ಪಂಪು ಇಡುವುದು ಅಥವಾ ಬೇರೆಯವರ ಹೃದಯ ಹಾಕುವುದು, ಅದು ಇವೆರಡೂ ಸೋತರೆ ಯೋಚಿಸುವ ದೂರದ ಮಾತು. ನಾನು ಮಲಗಿದಲ್ಲಿಂದಲೇ ಬೇಡ ಎಂದೆ, ಯಾವುದು ಬೇಡ ಎಂದು ಅವರು ಕೇಳಿದ್ದಕ್ಕೆ ಎಲ್ಲವೂ ಎಂದೆ.

ಬೇಡ ಎಂದದ್ದಕ್ಕೆ ಕಾರಣವಿದೆ. ಯಂತ್ರವಿಟ್ಟ ಮೇಲೆ ವೆಲ್ಡಿಂಗ್ ಮಾಡಬಾರದಂತೆ, ದೊಡ್ಡ ಅಯಸ್ಕಾಂತವನ್ನು ಎದೆಯ ಹತ್ತಿರ ತರಬಾರದಂತೆ, ಆರು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದಂತೆ. ಕಾಟಾದ ಹಲಗೆಯ ಮೂಲೆ ಬಿರುಕುಬಿಟ್ಟರೆ ಹೊರಗಿನವರ ಹತ್ತಿರ ಬೆಸುಗೆ ಹಾಕಿಸಿಕೊಂಡು ಬರಬೇಕೇ ನಾನು? ಇನ್ನೊಂದು, ನನ್ನೊಳಗೇ ಕುಳಿತು ತನ್ನಷ್ಟಕ್ಕೆ ತೀರ್ಮಾನ ಮಾಡುವ ಡಬ್ಬಿಯನ್ನು ಬಿಚ್ಚಿ ನೋಡುವವರು ಯಾರು? ಇದನ್ನು ಕೇಳಿದಾಗ ಡಾಕ್ಟರಿಗೆ ಖುಷಿಯಾಯಿತು. ಬಿಚ್ಚಬೇಕಾಗಿಲ್ಲ, ವರ್ಷಕ್ಕೆ ಎರಡು ಸಲ ಹೊರಗಿನಿಂದಲೇ ಇನ್ನೊಂದು ಯಂತ್ರ ಹಿಡಿದು ಪರೀಕ್ಷಿಸಿ ಸರಿಮಾಡುತ್ತೇವೆ ಎಂದರು. ವರ್ಷಕ್ಕೆ ಎರಡು ಸಲ ಎಂಬುದು ನನಗೆ ಹಿಡಿಸಿತು, ಆದರೆ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಪಕ್ಕದ ವಾರ್ಡಿನಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದರು, ಐದು ವರ್ಷದಿಂದ ಅಂಥದ್ದೇ ಡಬ್ಬಿ ಹೊತ್ತವರು. ಅಂಗಿಯ ಗುಂಡಿ ಬಿಚ್ಚಿ ಹೆಮ್ಮೆಯಿಂದ ತೋರಿಸಿದರು. ಒಂದು ಸಲ ಕ್ಷೌರಿಕನ ಕುರ್ಚಿಯಲ್ಲಿ ಕುಳಿತಿದ್ದಾಗ ಹೊಡೆತ ಬಿತ್ತಂತೆ, ಎದೆಗೆ ಕುದುರೆ ಒದ್ದ ಹಾಗಾಯಿತಂತೆ, ಕ್ಷೌರಿಕನೇ ಕತ್ತರಿ ಬಿಟ್ಟು ಓಡಿಹೋದನಂತೆ. ಇವರು ಅರ್ಧ ಕ್ಷೌರದಲ್ಲೇ ಎದ್ದು ಅವನನ್ನು ಹುಡುಕಿಕೊಂಡು ಹೋದರಂತೆ. ಕೇಳಿ ನಗು ಬಂತು, ಭಯ ಹೋಗಲಿಲ್ಲ.

ಮನೆಗೆ ಬಂದ ಮರುದಿನ ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದ್ದೆ. ಮೆಟ್ಟಿಲಲ್ಲಿ ಏನೋ ಭಾರವಾದದ್ದು ಒಂದೊಂದೇ ಹೆಜ್ಜೆ ಏರುವ ಸದ್ದು, ಹೀಗೆ ಮೂರು ಸಲ. ನಿಮ್ಮ ಭಾವನ ವಿಷಯ ನಿನಗೆ ಗೊತ್ತೇ ಇದೆ. ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕುಳಿತು ಬಂದ ಮನುಷ್ಯ, ಯಾರೂ ಕೇಳಿಕೊಂಡು ಬರದ ಛತ್ರಿಯನ್ನು ಎಂಟು ವರ್ಷ ಒರೆಸಿ ಒರೆಸಿ ಇಟ್ಟವರು. ಜೋರಾಗಿ ಒಂದು ಮಾತಾಡಿದ್ದನ್ನು ನಾನು ಕಂಡಿಲ್ಲ. ಆಚೆ ಕೋಣೆಗೆ ಹೋಗಿ ನೋಡಿದರೆ ಕಾಟಾದ ಮೇಲೆ ಇಪ್ಪತ್ತರ ಕಲ್ಲು ಮೂರು, ಇವರು ಪಕ್ಕದಲ್ಲಿ ನೆಲದ ಮೇಲೆ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದಾರೆ. ನನ್ನ ಮುಖ ನೋಡಲಿಲ್ಲ, ದಂಡವನ್ನೇ ನೋಡುತ್ತ ಹೇಳಿದರು.

"ಅರವತ್ತು ಕಿಲೋ ಇಟ್ಟಿದ್ದೀನಿ. ಐವತ್ತಾರು ತೋರಿಸ್ತಿದೆ. ಇದು ತಾನಾಗಿ ಕೆಟ್ಟಿದ್ದಲ್ಲ ಅಲ್ವಾ?"

ನಾನೇ ಎಂದೆ. ಏನಾದರೂ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಜಗಳವಾಡಬಹುದಿತ್ತು, ನನಗೆ ಜಗಳ ಬರುತ್ತದೆ. ಅವರು ಪುಸ್ತಕ ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು.

"ನಾಳೆಯಿಂದ ತೂಕ ನಾನು ನೋಡ್ತೀನಿ. ನೀನು ಬರೀ ನಿಂತ್ಕೊ."

ಆಗ ಅಳು ಬಂತು ಕಣೋ. ಅಪ್ಪ ಸತ್ತ ದಿನ ಬಿಟ್ಟರೆ ಅಷ್ಟು ಅತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ವ್ಯಾಪಾರಿಗೂ ತಿರುಪು ತಿರುಗಿಸಿಕೊಟ್ಟವಳಲ್ಲ ನಾನು. ಎಷ್ಟು ಜನ ಕೇಳಿದ್ದಾರೆ, ಎಷ್ಟು ಜನಕ್ಕೆ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದೇನೆ. ಕೊನೆಗೆ ಕಳ್ಳ ಕಾಟಾ ಇಟ್ಟದ್ದು ನನಗೆ ನಾನೇ. ನೀರು ಏರುತ್ತಿದೆ ಎಂದು ಅದು ನಾಲ್ಕು ದಿನ ಮುಂಚೆಯೇ ಹೇಳಿತ್ತು, ನಾನು ಅದರ ಬಾಯಿ ಮುಚ್ಚಿಸಿದೆ. ನನಗೆ ಕಾಯಿಲೆಯಿದೆ ಎಂಬುದು ಗೊತ್ತಿತ್ತು, ಆದರೆ ನನ್ನ ತೂಕ ಬದಲಾಗಬಹುದು ಎಂಬುದನ್ನು ನಂಬಿರಲಿಲ್ಲ ನೋಡು.

ಮರುದಿನ ಬೆಳಿಗ್ಗೆಯೇ ಪೆನ್ಸಿಲ್ ಡಾಕ್ಟರ ಹತ್ತಿರ ಹೋಗಿ ಎಲ್ಲ ಒಪ್ಪಿಸಿದೆ, ತಿದ್ದಿದ ಪುಸ್ತಕ, ತಿರುಪು, ಎಲ್ಲ. ಕಡಲೆಕಾಯಿಯನ್ನೂ ಹೇಳಿದೆ, ನಿಮ್ಮ ಭಾವ ಹೊರಗಿದ್ದಾಗ. ಅವರು ನಗಲಿಲ್ಲ. ಆ ಸೋಮವಾರ ನೀವು ಸಿಸ್ಟರಿಗೆ ಓದಿದ ತೂಕ ನಂಬಿ ನೀರಿನ ಮಾತ್ರೆ ಅರ್ಧಕ್ಕೆ ಇಳಿಸಬೇಕೆಂದಿದ್ದೆ ಎಂದರು. ಹಾಗಾದರೆ ಯಂತ್ರ ಏಕೆ, ಉಪ್ಪು ಬಿಟ್ಟು ತೂಕ ಸರಿಯಾಗಿ ನೋಡಿದರೆ ಸಾಲದೇ ಎಂದು ಕೊನೆಯ ಸಲ ಚೌಕಾಶಿ ಮಾಡಿದೆ. ತೂಕ ನೀವು ತಿದ್ದಬಹುದು, ಹೃದಯದ ಎಕೋ ಸ್ಕ್ಯಾನಿನಲ್ಲಿ ಕಂಡದ್ದನ್ನು ತಿದ್ದಲಾರಿರಿ ಎಂದುಬಿಟ್ಟರು. ಹೇಗಿದೆ ಬಾಯಿ? ನನ್ನ ಮಗಳಾಗಿದ್ದರೆ ಹೆಮ್ಮೆಪಡುತ್ತಿದ್ದೆ. ಬರುವ ತಿಂಗಳು ಒಂಬತ್ತಕ್ಕೆ ದಿನ ಗೊತ್ತುಮಾಡಿದ್ದಾರೆ. ಯಂತ್ರ ಕೂರಿಸಲು ಒಪ್ಪಿಗೆ ಎಂಬಲ್ಲಿ ಸಹಿ ಹಾಕಿದೆ. ಆದರೆ ಕಾಗದವನ್ನು ಇನ್ನೂ ಅವರಿಗೆ ಕೊಟ್ಟಿಲ್ಲ, ಇನ್ನೊಂದು ಸಹಿ ಬಾಕಿಯಿದೆ. ಅದು ಮುಗಿಯದೆ ಒಂಬತ್ತನೆಯ ತಾರೀಕು ಗಟ್ಟಿಯಾಗುವುದಿಲ್ಲ.

ಮತ್ತೆ ಎದ್ದು ಹೋಗಿ ಬಂದೆ. ಅಂಗಡಿಯ ವಿಚಾರ ಯೋಚಿಸಬೇಡ. ಬೆಸುಗೆಯ ಕೆಲಸವನ್ನು ಗುಜರಿಯವರು ತಮ್ಮಲ್ಲೇ ಮಾಡಿಸಿಕೊಡುತ್ತೇವೆ ಎಂದಿದ್ದಾರೆ, ಅವರ ಬೆಸುಗೆ ನೋಡಿದರೆ ಹಲ್ಲುನೋವು ಬರುತ್ತದೆ, ಆದರೂ ಸಹಿಸಿಕೊಳ್ಳುತ್ತೇನೆ. ಕಲ್ಲು ಎತ್ತಲು ನಿಮ್ಮ ಭಾವ ಸಿದ್ಧ, ಅವರ ಬೆನ್ನು ಸಿದ್ಧವಿಲ್ಲ. ತಿರುಪು ತಿರುಗಿಸುವ ಕೆಲಸಕ್ಕೆ ಬಲಗೈ ಸಾಕು. ಕಾಟಾವನ್ನು ಮೂರು ಕಲ್ಲಿಟ್ಟು ಮತ್ತೆ ಸರಿಮಾಡಿದೆವು, ಇವತ್ತಿನ ತೂಕ ಅರವತ್ತನಾಲ್ಕು ಆರುನೂರು. ಬರೆದದ್ದು ಅವರು, ನಾನು ಬರೀ ನಿಂತಿದ್ದೆ. ನೀನು ರಜೆ ಹಾಕಿ ಓಡಿಬರಬೇಡ, ಬಂದರೆ ನಿನ್ನನ್ನು ನೋಡಿಕೊಳ್ಳುವ ಕೆಲಸ ಬೇರೆ. ಎಂಜಿನ್ ನಿನ್ನ ಮಾತು ಕೇಳಲಿ, ಮೊಣಕಾಲೂ ಕೇಳಲಿ, ಸಮುದ್ರ ಸುಮ್ಮನಿರಲಿ. ನಿಮ್ಮ ಭಾವ ಕೇಳಿದ್ದೇನೆಂದು ತಿಳಿಸಲು ಹೇಳಿದ್ದಾರೆ.

ನಿನ್ನನ್ನು ಬೈಯದೆ ದಿನ ಹೋಗದ,
ಅಕ್ಕ

ಮರೆತಿದ್ದೆ ಎಂದು ಬರೆಯಲಾರೆ, ಇಷ್ಟು ಹೊತ್ತು ತಪ್ಪಿಸಿಕೊಂಡು ಬಂದೆ. ನಿಮ್ಮ ಭಾವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಅಂಚೆ ಹೋಗುವ ಹೊತ್ತು, ಬೇಗ ಬರೆಯುತ್ತೇನೆ. ಬಾಕಿ ಉಳಿದ ಆ ಎರಡನೆಯ ಸಹಿಯ ಹಾಳೆಯನ್ನು ಸಿಸ್ಟರ್ ನನ್ನೊಬ್ಬಳಿಗೇ ವಿವರಿಸಿದರು. ಮುಂದೆ ಯಾವತ್ತೋ ನನಗೆ ಸಾಯುವ ಕಾಲ ಬಂದಾಗ, ಯಾವ ಕಾಯಿಲೆಯಿಂದಲೇ ಆಗಲಿ, ಅದು ಆ ಡಬ್ಬಿಗೆ ಗೊತ್ತಾಗುವುದಿಲ್ಲವಂತೆ. ಹೃದಯ ತಪ್ಪಿದಾಗಲೆಲ್ಲ ಅದು ಹೊಡೆಯುತ್ತಲೇ ಇರಬಹುದು, ಎಚ್ಚರವಿದ್ದರೆ ಅಷ್ಟೂ ನನಗೆ ಗೊತ್ತಾಗುತ್ತದೆ. ಕೊಯ್ಯದೆ, ಹೊರಗಿನಿಂದಲೇ, ಆ ಹೊಡೆತವನ್ನು ಮಾತ್ರ ನಿಲ್ಲಿಸಲು ಬರುತ್ತದೆ. ಅದರಿಂದ ಉಸಿರು ನಿಲ್ಲುವುದಿಲ್ಲ. ಆದರೆ ನಾನು ಹೇಳಲಾರದ ಸ್ಥಿತಿಯಲ್ಲಿದ್ದರೆ, ಇನ್ನು ಸಾಕು ಎಂದು ಡಾಕ್ಟರಿಗೆ ಹೇಳುವವರ ಹೆಸರು ಬರೆಯಬೇಕು. ನಿಮ್ಮ ಭಾವನ ಕೈಲಿ ಆ ಮಾತು ಆಗದು. ಅವರನ್ನು ಅಲ್ಲಿ ನಿಲ್ಲಿಸುವುದು ನನ್ನ ಕೈಲೂ ಆಗದು. ನೀನು ಅಳುತ್ತೀಯ, ಆದರೂ ಹೇಳುತ್ತೀಯ. ನಿನ್ನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಇಪ್ಪತ್ತೆರಡಕ್ಕೆ ದಡ ಮುಟ್ಟಿದ ಕೂಡಲೇ ಫೋನ್ ಮಾಡು. ಅವರು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ, ಆದ್ದರಿಂದ ಏನೂ ವಿವರಿಸಬೇಡ. "ಬರ್ಕೋ ಅಕ್ಕಾ" ಎನ್ನು, ಸಾಕು, ಆ ಪೆನ್ಸಿಲ್ ಹೆಸರನ್ನು ಪೆನ್ನಿನಲ್ಲಿ ಗಟ್ಟಿಮಾಡಿ, ಸಹಿ ಹಾಕಿ ಕಾಗದ ಕೊಟ್ಟುಬಿಡುತ್ತೇನೆ. ಆಗುವುದಿಲ್ಲ ಎಂದಾದರೆ ಅಲ್ಲಿನ ಹವೆಯ ಮಾತಾಡು, ನನಗೆ ತಿಳಿಯುತ್ತದೆ, ಒಂದು ಚೂರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹವೆಯ ಮಾತಾಡಬೇಡ ಪುಟ್ಟಾ.